ಕುರಿಗಳ ನಡುವೆ ಅವ್ವ

ಇವತ್ತು ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಅಜ್ಜರೊಬ್ಬರ ಕೈಯಲ್ಲಿ ಬಟನ್ ಫೋನ್ ಕಂಡು ಮಸಗುಪ್ಪಿಯ ನಮ್ಮ ಹೊಲ ನೆನಪಾಯಿತು.

ಅಪ್ಪ ತಂದಿದ್ದ ಅಂಥದ್ದೇ ಅಗ್ಗದ ಫೋನಿನ ಕ್ಯಾಮೆರಾದಲ್ಲಿ ಝೂಮ್ ಇರಲಿಲ್ಲ. ಕುರಿ ಮೇಯಿಸುತ್ತಿದ್ದ ಅವ್ವ, “ಬಾಜೂಕ ಬಂದ್ ತಗಿಯವಾ, ಅಲ್ಲಿಂದ ನಾ ಏನ್ ಕಾಣತೇನಿ?” ಎಂದು ನಕ್ಕಳು. ಟಗರಿಗೆ ಹೆದರಿ ಐದು ವರ್ಷದ ನಾನು ದೂರದ ಬದುವಿನ ಮೇಲೆ ನಿಂತೇ ಬಟನ್ ಒತ್ತಿದೆ.

ಆ ಮಳೆಗಾಲದಲ್ಲೇ ಅವ್ವ ಜ್ವರದಿಂದ ತೀರಿಕೊಂಡಳು. ಅವಳದೆಂದು ಉಳಿದದ್ದು ಅದೊಂದೇ ಫೋಟೊ. ಗೋಕಾಕದ ಸ್ಟುಡಿಯೋದವನು, “ದೊಡ್ಡದ ಮಾಡಿದ್ರ ಮುಖ ಒಡೀತೈತ್ರಿ” ಎಂದ. ಅಪ್ಪ ಬಹಳ ಹೊತ್ತು ನೋಡಿ, “ಇರ್ಲಿ, ಕುರಿ ಸಮೇತ ಕೊಡ್ರಿ” ಎಂದ.

ಗೋಡೆಗೆ ತೂಗುಹಾಕಿದ ಆ ಫೋಟೊಗೆ ಮೂಗು ತಾಗಿಸಿ ನೋಡಿದರೂ ನನಗೆ ಕಂಡದ್ದು ಸೀರೆಯ ಕೆಂಪು ಚುಕ್ಕಿಯಷ್ಟೇ.

ಅವ್ವನ ದನಿ ಇವತ್ತಿಗೂ ಕಿವಿಯಲ್ಲಿದೆ. ಮುಖ ಮಾತ್ರ ಮರೆತಿದ್ದೇನೆ.