ಹೊಸ್ತಿಲ ಕೆಳಗಿನ ನವರತ್ನ

ನನ್ನ ಅಣ್ಣ ಬಾವಿ ತೋಡಿಸುವ ಗುತ್ತಿಗೆ ಹಿಡಿಯುತ್ತಿದ್ದ. ಅರವತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಮನೆ ಸವಣೂರಿನಲ್ಲಿ. ಒಮ್ಮೆ ತಡಸ, ಒಮ್ಮೆ ಶಿಗ್ಗಾಂವಿಯ ಆಚೆ, ಬೇಸಿಗೆ ಪೂರ್ತಿ ಹಿರೇಕೆರೂರಿನ ಕಡೆ, ಹೀಗೆ ಆಳುಗಳನ್ನು ಕಟ್ಟಿಕೊಂಡು ಅಲೆಯುತ್ತಿದ್ದ. ಬೇರೆಯವರ ಅಣ್ಣಂದಿರು ಪರವೂರಿಂದ ಬರುವಾಗ ತಂಗಿಗೆ ಬಳೆ ತರುತ್ತಿದ್ದರು, ಬೆಂಡು ಬತ್ತಾಸು ತರುತ್ತಿದ್ದರು. ನನ್ನ ಅಣ್ಣ ಧೋತರದ ಚುಂಗಿನಲ್ಲಿ ಗಂಟು ಹಾಕಿ ಕಲ್ಲು ತರುತ್ತಿದ್ದ. ಅಪ್ಪ ತೀರಿಕೊಂಡಿದ್ದ ಮನೆಯಲ್ಲಿ ಅವನೇ ಯಜಮಾನ, ಅವನೇ ನನ್ನ ಜೊತೆಗಾರ. ಅವನ ಮೇಲಿದ್ದಷ್ಟು ಭರವಸೆ ನನಗೆ ದೇವರ ಮೇಲೂ ಇರಲಿಲ್ಲ.

ಬಾವಿಯ ತಳದ ಕಲ್ಲು ಹೊಲದ ಕಲ್ಲಿನಂತಲ್ಲ. ಬಿಸಿಲು ಮಳೆ ಕಂಡಿರದ ಕಾರಣ ಅದರ ಅಂಚು ಸವೆದಿರುವುದಿಲ್ಲ. ತಡಸದಿಂದ ಬಂದದ್ದು ಹಳದಿಯಾಗಿ ಹೊಳೆಯುವ ಚೌಕ ತುಂಡುಗಳು. ಯಾರೋ ಕೂತು ಮೂಲೆ ತೀಡಿದಷ್ಟು ನೇರ, ಒಂದೊಂದು ಮುಖದ ಮೇಲೂ ಕೂದಲೆಳೆಯಂಥ ಗೀರುಗಳು. ಅವ್ವ ಬಂಗಾರವೆಂದೇ ತಿಳಿದು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನೊಂದನ್ನು ಕದ್ದು ಶಾಲೆಗೆ ಒಯ್ದೆ. ವಿಜ್ಞಾನದ ಮಾಸ್ತರು ಚಹಾದ ಬಸಿಯನ್ನು ಮಗುಚಿ, ಹೊಳಪಿಲ್ಲದ ತಳದ ಅಂಚಿಗೆ ಕಲ್ಲನ್ನು ತಿಕ್ಕಿದರು. ಹಳದಿ ಕಲ್ಲು ಕಪ್ಪು ಗೆರೆ ಬಿಟ್ಟಿತು.

"ಇದು ಪೈರೈಟ್. ಕಬ್ಬಿಣ ಮತ್ತ ಗಂಧಕ, ಅಷ್ಟ. ಬಂಗಾರ ಆಗಿದ್ರ ಗೆರಿನೂ ಬಂಗಾರದ್ದ ಬೀಳ್ತಿತ್ತು," ಎಂದರು.

ಅವ್ವ ಮುಖ ಸಪ್ಪಗೆ ಮಾಡಿಕೊಂಡಳು. ನನಗೆ ಖುಷಿಯೋ ಖುಷಿ. ಬಂಗಾರವಾಗಿದ್ದರೆ ಅದು ನನ್ನ ಕೈಯಲ್ಲಿ ಉಳಿಯುತ್ತಿತ್ತೇ?

ಅಲ್ಲಿಂದ ನನಗೆ ಕಲ್ಲಿನ ಹುಚ್ಚು ಹಿಡಿಯಿತು. ಹಿರೇಕೆರೂರಿನ ಕಡೆಯ ಅಭ್ರಕದ ಬಂಡೆಯಲ್ಲಿ ಕಡುಗೆಂಪು ಗಾರ್ನೆಟ್ ಸಿಕ್ಕಿತು, ದಾಳಿಂಬೆ ಬೀಜದ ಬಣ್ಣ, ಹನ್ನೆರಡು ಮುಖ. ಅದರಲ್ಲೂ ಕಬ್ಬಿಣವೇ, ಜೊತೆಗೆ ಅಲ್ಯುಮಿನಿಯಂ, ಸಿಲಿಕಾ. ಒಂದು ನೀಲಿ ಕಲ್ಲಂತೂ ಚಪ್ಪಟೆಯಾಗಿ ಉದ್ದಕ್ಕೆ ಬೆಳೆದಿತ್ತು. ಚಾಕುವಿನ ಮೊನೆಯಿಂದ ಉದ್ದಕ್ಕೆ ಗೀರಿದರೆ ಗೆರೆ ಬೀಳುತ್ತಿತ್ತು, ಅಡ್ಡ ಗೀರಿದರೆ ಕಲ್ಲಿಗೆ ಏನೂ ಆಗುತ್ತಿರಲಿಲ್ಲ. ಒಂದೇ ಕಲ್ಲಿಗೆ ಎರಡು ಬಗೆಯ ಗಟ್ಟಿತನ. ಅದರ ಹೆಸರು ಕಯನೈಟ್ ಎಂದು ಮಾಸ್ತರು ಪುಸ್ತಕ ತಿರುವಿ ಹೇಳಿದರು. ಶಿಗ್ಗಾಂವಿಯ ಕಡೆಯಿಂದ ಬಂದ ಮ್ಯಾಂಗನೀಸ್ ಅದಿರು ದ್ರಾಕ್ಷಿ ಗೊಂಚಲಿನಂತೆ ಗುಂಡುಗುಂಡಾಗಿ ಉಬ್ಬಿತ್ತು. ಮುಟ್ಟಿದರೆ ಕೈಗೆಲ್ಲ ಮಸಿ.

ಎಲ್ಲಕ್ಕಿಂತ ದೊಡ್ಡದು ಒಂದು ಸ್ಫಟಿಕ. ಬೆರಳುದ್ದ, ಆರು ಮೂಲೆ, ತಿಳಿ. ಅದರ ಹೊಟ್ಟೆಯೊಳಗೆ ಒಂದು ಹನಿ ನೀರು. ಕಲ್ಲನ್ನು ವಾಲಿಸಿದರೆ ನೀರಿನೊಳಗಿನ ಗುಳ್ಳೆ ಈ ಕಡೆಯಿಂದ ಆ ಕಡೆಗೆ ಸರಿಯುತ್ತಿತ್ತು. ಕಲ್ಲು ಬೆಳೆಯುವಾಗಲೇ ಸಿಕ್ಕಿಬಿದ್ದ ನೀರು ಅದು, ಮನುಷ್ಯರು ಹುಟ್ಟುವ ಮೊದಲಿನದು ಎಂದು ಮಾಸ್ತರು ಹೇಳಿದಾಗ ನನ್ನ ಮೈ ಜುಮ್ಮೆಂದಿತು. ಅವರೂ ಅಂಥದ್ದನ್ನು ಕಂಡಿರಲಿಲ್ಲ.

ಮಾಸ್ತರು ಸುಮ್ಮನಿರಲಿಲ್ಲ. ಧಾರವಾಡಕ್ಕೆ ಹೋದಾಗ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುವ ಹಿರಿಯರೊಬ್ಬರಿಗೆ ನನ್ನ ಸುದ್ದಿ ಹೇಳಿ ಬಂದರು. ಮ್ಯಾಟ್ರಿಕ್ ಪರೀಕ್ಷೆ ಮುಗಿದ ಮೇಲೆ ಹುಡುಗಿ ಕಲ್ಲುಗಳ ಸಮೇತ ಬರಲಿ, ಆ ಸ್ಫಟಿಕವನ್ನು ತಾವು ನೋಡಲೇಬೇಕು, ಹಾಸ್ಟೆಲಿಗೂ ವ್ಯವಸ್ಥೆ ಮಾಡೋಣ ಎಂದು ಆ ಹಿರಿಯರು ಹೇಳಿದರಂತೆ. ಮಾಸ್ತರೇ ನಮ್ಮ ಮನೆಗೆ ಬಂದು ಅವ್ವನ ಮುಂದೆ ಈ ಮಾತು ಇಟ್ಟರು. ಅವ್ವ ಒಂದು ಷರತ್ತು ಹಾಕಿದಳು.

"ಕಲ್ಲು ನೋಡಿ ಆ ದೊಡ್ಡ ಮಾಸ್ತರು ಹೌದು ಅಂದ್ರ ಕಳಸ್ತೇನ್ರಿ. ಇಲ್ಲಂದ್ರ ಸುಮ್ನ ಮನ್ಯಾಗ ಇರ್ತಾಳ."

"ನಾನ ಕರ್ಕೊಂಡ ಹೋಗ್ತೇನಿ ಬಿಡವ್ವ," ಎಂದ ಅಣ್ಣ.

ಹಿಂದಿನ ವರ್ಷದ ಹತ್ತಿಯ ಅರಳೆಯಲ್ಲಿ ಒಂದೊಂದು ಕಲ್ಲನ್ನೂ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟೆ. ಓದು ಬೇಸರವಾದಾಗ ಡಬ್ಬಿ ತೆಗೆದು ನೋಡುವುದು, ಮುಚ್ಚುವುದು. ಇದೇ ಹೊತ್ತಿಗೆ ಅಣ್ಣನಿಗೆ ಹಾನಗಲ್ಲಿನಲ್ಲಿ ಹೆಣ್ಣು ಗೊತ್ತುಮಾಡುವ ಮಾತು ನಡೆದಿತ್ತು. ಸೊಸೆ ಬರುವ ಮನೆ ಎಂದು ಹಳೆಯ ಪಡಸಾಲೆ ಕೆಡವಿ ಹೊಸದಾಗಿ ಕಟ್ಟಿಸಲು ಹಿಡಿದಿದ್ದ.

ಕಡೆಯ ಪರೀಕ್ಷೆ ಬರೆದು ನಾನು ಮನೆಗೆ ಬಂದಾಗ ಹೊಸ ತಲಬಾಗಿಲಿನ ಚೌಕಟ್ಟು ನಿಂತಿತ್ತು. ಅರಿಶಿನ ಕುಂಕುಮ, ಒಡೆದ ಕಾಯಿ, ಮಾವಿನ ಎಲೆ. ನಾನು ಖುಷಿಯಿಂದಲೇ ಒಳಗೆ ಹೋದೆ. ದೇವರ ಜಗಲಿಯ ಮೇಲೆ ನನ್ನ ಡಬ್ಬಿ ಬಾಯಿ ತೆರೆದು ಕೂತಿತ್ತು. ಒಳಗೆ ಬರೀ ಅರಳೆ.

"ಅಣ್ಣಾ, ನನ್ನ ಕಲ್ಲು ಎಲ್ಲಿ ಅದಾವು?"

"ಹೊಸ್ತಿಲ ಬುಡಕ."

ನಮ್ಮ ಕಡೆ ಚೌಕಟ್ಟು ನಿಲ್ಲಿಸುವಾಗ ಹೊಸ್ತಿಲ ಕೆಳಗೆ ನವರತ್ನ ಹಾಕುತ್ತಾರೆ. ನಿಜವಾದ ವಜ್ರ, ಮಾಣಿಕ್ಯ ಯಾರೂ ಹಾಕುವುದಿಲ್ಲ. ಬಣ್ಣದ ಚೂರುಗಳ ಕಾಗದದ ಪುಡಿಕೆ ಪೇಟೆಯಲ್ಲಿ ಸಿಗುತ್ತದೆ, ಅದನ್ನೇ ಹಾಕಿ ಕೈಮುಗಿಯುತ್ತಾರೆ. ಅಂದು ಪುಡಿಕೆ ಸಿಗಲಿಲ್ಲ, ಮುಹೂರ್ತ ಮೀರುತ್ತಿತ್ತು ಎಂದ ಅಣ್ಣ. ಗಾರ್ನೆಟ್ ಮಾಣಿಕ್ಯವಾಯಿತಂತೆ. ಕಯನೈಟ್ ನೀಲವಾಯಿತು, ಪೈರೈಟ್ ಪುಷ್ಯರಾಗವಾಯಿತು. ಹೊಟ್ಟೆಯಲ್ಲಿ ನೀರಿದ್ದ ನನ್ನ ಸ್ಫಟಿಕವೇ ವಜ್ರ. ಒಂಬತ್ತು ತುಂಬಿಸಲು ಮಸಿಯ ಮ್ಯಾಂಗನೀಸನ್ನೂ ಬಿಟ್ಟಿರಲಿಲ್ಲ. ಅದಕ್ಕೆ ಯಾವ ರತ್ನದ ಪಟ್ಟ ಕಟ್ಟಿದರೋ ನಾನು ಕೇಳಲಿಲ್ಲ. ಎಲ್ಲದರ ಮೇಲೆ ಗಚ್ಚು ಸುರಿದು ಹೊಸ್ತಿಲು ಕೂರಿಸಿಯಾಗಿತ್ತು.

ನಾನು ಹಾರೆ ಹುಡುಕಿದೆ. ಅವ್ವ ಅಡ್ಡ ನಿಂತಳು. "ಕೂಡ್ಸಿದ ಹೊಸ್ತಿಲ ಕಿತ್ರ ಮನಿ ಉಳಿತೈತೇನ?" ಎಂದಳು. ನಾನು ಅತ್ತು ಕೂಗಾಡಿದೆ, ಎರಡು ಹೊತ್ತು ಊಟ ಬಿಟ್ಟೆ. ಅಣ್ಣ ತಲೆ ತಗ್ಗಿಸಿಕೊಂಡು ಮತ್ತೆ ತಂದುಕೊಡುತ್ತೇನೆ ಎಂದ. ಅವನ ಸಪ್ಪೆ ಮುಖ ಕಂಡು ನನಗೇ ಪಾಪ ಎನಿಸಿತು. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕಲ್ಲು ಮತ್ತೆ ಬರಲಿಲ್ಲ. ತೋರಿಸಲು ಏನೂ ಇಲ್ಲದೆ ಧಾರವಾಡಕ್ಕೆ ಏಕೆ ಎಂದಳು ಅವ್ವ. ಮಾಸ್ತರು ಒಮ್ಮೆ ಬಂದು, ಬರಿಗೈಲಾದರೂ ಕಳಿಸಿರಿ ಎಂದು ಕೇಳಿ ನೋಡಿದರು. ಅವ್ವ ತನ್ನ ಮಾತಿಗೇ ಅಂಟಿಕೊಂಡಳು. ಆಮೇಲೆ ಹಾನಗಲ್ಲಿನವರ ಕರಾರು ನನ್ನ ಕಿವಿಗೆ ಬಿತ್ತು. ಅವರದು ಸಾಟಿ ಸಂಬಂಧ: ಅವರ ಮಗಳು ನಮ್ಮ ಮನೆಗೆ, ಅವರ ಮಗನಿಗೆ ನಮ್ಮ ಮನೆಯ ಹುಡುಗಿ. ನಮ್ಮ ಮನೆಯಲ್ಲಿದ್ದ ಹುಡುಗಿ ನಾನೊಬ್ಬಳೇ. ಒಂದೇ ಹಂದರದಲ್ಲಿ ಎರಡೂ ಲಗ್ನ ಮುಗಿದವು.

ಚೊಚ್ಚಲು ಬಾಣಂತನಕ್ಕೆ ತವರಿಗೆ ಬಂದೆ. ಹೆಣ್ಣುಮಗು. ಅಷ್ಟರಲ್ಲಿ ಅಣ್ಣನ ಮಗ ತೊಟ್ಟಿಲು ಬಿಟ್ಟು ಅಂಬೆಗಾಲಿಡುತ್ತಿದ್ದ. ನನ್ನ ಕೂಸಿಗೆ ಲಿಂಗ ಕಟ್ಟಲು ಬಂದ ಅಯ್ಯನವರು ಪಡಸಾಲೆಯಲ್ಲಿ ಕೂತು ಹೊಸ ಮನೆಯನ್ನು ಹೊಗಳಿದರು. ಆವತ್ತು ಚೌಕಟ್ಟಿನ ಪೂಜೆ ಮಾಡಿಸಿದವರೂ ಅವರೇ.

"ಎಲ್ಲಾ ನಿನ್ನ ಕಲ್ಲಿನ ಪುಣ್ಯ, ಮಗಳ. ನಾ ಪ್ಯಾಟಿಯಿಂದ ಪುಡಿಕಿ ತಂದಿದ್ದೆ. ನಿಮ್ಮಣ್ಣ ಅದನ್ನ ಇಸಗೊಂಡು ಕಿಸ್ಯಾಗ ಇಟ್ಕೊಂಡ. ಅದು ಬ್ಯಾಡ್ರಿ, ಮನ್ಯಾಗ ನಮ್ಮವ ಅದಾವು ಅಂದ."

ಅವರು ಮೆಚ್ಚಿಕೊಂಡೇ ಹೇಳಿದ್ದು. ನಾನು ಅಲ್ಲಿಂದ ಎದ್ದೆ. ಅಣ್ಣ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ. ಹೋಗಿ ಕೇಳಿದೆ.

"ಪುಡಿಕಿ ಇತ್ತಂತಲ್ಲ?"

ಅವನು ತಂಬಿಗೆ ಕೆಳಗಿಟ್ಟ. ಸುಳ್ಳು ಹೇಳಲಿಲ್ಲ, ಅದರ ಅಗತ್ಯ ಮುಗಿದಿತ್ತು.

"ಕಲ್ಲು ಇದ್ದಿದ್ರ ಅವ್ವ ನಿನ್ನ ಕಳಸ್ತಿದ್ಳು, ತಂಗಿ. ನೀ ಹೋಗಿದ್ರ ನನ್ನ ಲಗ್ನ ನಿಲ್ತಿತ್ತು. ಈಗ ನಿನಗೇನ್ ಕಡಿಮಿ ಆಗೇತಿ?"

ಬಾವಿಯ ತಳಕ್ಕಿಳಿದು, ನನಗಾಗಿ ಕಲ್ಲು ಹೆಕ್ಕಿ, ಧೋತರಕ್ಕೆ ಗಂಟು ಹಾಕಿ ತಂದವನು ಇವನೇ. ಅವುಗಳ ಬೆಲೆ ಅವ್ವನಿಗೆ ತಿಳಿಯದು, ಅಯ್ಯನವರಿಗೆ ತಿಳಿಯದು. ಇವನಿಗೆ ಚೆನ್ನಾಗಿ ತಿಳಿದಿತ್ತು. ತಿಳಿದೇ ಹೂತಿದ್ದ.

ಒಳಗೆ ಕರೆದರು. ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂರಿಸುವ ಹೊತ್ತು. ಅಣ್ಣ ಕೂಸನ್ನು ಎತ್ತಿಕೊಂಡ, ಅದರ ಗಲ್ಲ ಹಿಡಿದ. ಎಲ್ಲ ಸೋದರಮಾವಂದಿರೂ ಹೇಳುವ ಮಾತನ್ನೇ ತನ್ನ ಮಗನ ಕಡೆ ಕೈತೋರಿಸಿ ಹೇಳಿದ.

"ಇಕಿ ನಮ್ಮ ಮನಿಗೇ ಬರಬೇಕ ಮತ್ತ. ಈಗ ಹೇಳಿಟ್ಟೇನಿ."

ಎಲ್ಲರೂ ನಕ್ಕರು. ನಾನು ಎದ್ದು ಹೋಗಿ ಕೂಸನ್ನು ಅವನ ತೊಡೆಯಿಂದ ತೆಗೆದುಕೊಂಡೆ.

"ಇಕೀನ್ನ ನಿನಗ ಕೊಡೂದಿಲ್ಲ," ಎಂದೆ.

ನಾನು ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದು ಅವರು ಇನ್ನಷ್ಟು ನಕ್ಕರು. ಅಣ್ಣ ಮಾತ್ರ ನಗಲಿಲ್ಲ.