ಕೆಲಸವಿಲ್ಲದ ನಡಿಗೆ

ಸವಣೂರಿನ ಕಚೇರಿಯ ಹಿಂದಿನ ಓಣಿಯಲ್ಲಿ ಗಂಗಾಬಾಯಿಯ ಖಾನಾವಳಿ ಇತ್ತು. ಗಂಡ ವೆಂಕಟೇಶಾಚಾರ್ಯರು ಪಡಸಾಲೆಯಲ್ಲಿ ಎಲೆ ಹಾಕಿಸಿ, ಬಂದವರನ್ನು ಮಾತನಾಡಿಸುವರು. ಅಡಿಗೆಯೆಲ್ಲ ಅವಳದೇ. ನಸುಕಿನಲ್ಲಿ ಒಲೆಯ ಮುಂದೆ ಕೂತರೆ ಕಚೇರಿಯ ಮಂದಿ ಉಂಡು ಹೋದ ಮೇಲೆಯೇ ಏಳುವುದು; ದೀಪ ಹಚ್ಚುವ ಹೊತ್ತಿಗೆ ಮತ್ತೆ ಅಲ್ಲೇ ಕೂಡುವುದು. ನೀರು ಸೇದಲು, ರುಬ್ಬಲು ಆಳುಗಳಿದ್ದರು. ಹೀಗೆ ಕೂತು ಕೂತು ನಲವತ್ತೈದು ದಾಟುವಷ್ಟರಲ್ಲಿ ಮೈ ಬೆಳೆಯಿತು, ಮೊಣಕಾಲು ಬಾತವು, ಹೊಸ್ತಿಲು ದಾಟಿದರೂ ಏದುಸಿರು.

೧೯೩೮ರ ಬೇಸಿಗೆಯಲ್ಲಿ ದವಾಖಾನೆಗೆ ಹೋದಾಗ ಡಾಕ್ಟರು ಗುಳಿಗೆ ಕೊಡಲಿಲ್ಲ. “ದಿನಾ ಸಂಜೀಕ ಊರ ಹೊರಗ ಅಡ್ಡಾಡ್ರಿ ಬಾಯಾರ. ಭಾರ ಮಾತ್ರ ಹೊರಬ್ಯಾಡ್ರಿ” ಎಂದರು.

ಗುಡಿಗೋ ಮಠಕ್ಕೋ ಹೊರಟ ಹೆಂಗಸನ್ನು ಯಾರೂ ಕೇಳುವುದಿಲ್ಲ. ನಡೆಯಲೆಂದೇ ನಡೆದರೆ? ಮನೆಯಲ್ಲಿ ಜಗಳವೋ, ತಲೆ ಕೆಟ್ಟಿದೆಯೋ ಎಂದಾರು. ಅದನ್ನು ನೆನೆದರೇ ಗಂಗಾಬಾಯಿಗೆ ನಾಚಿಕೆ. ಕಡೆಗೊಂದು ಉಪಾಯ ಹೊಳೆಯಿತು. ಮನೆಯ ಬಾವಿಯ ನೀರಿಗೆ ಬೇಳೆ ಬೇಯುವುದಿಲ್ಲವೆಂದು ಓಣಿಗೆಲ್ಲ ಗೊತ್ತಿತ್ತು. ಸಿಹಿನೀರಿನ ಬಾವಿ ಇದ್ದದ್ದು ಎಲೆತೋಟಗಳ ದಾರಿಯಲ್ಲಿ. ತಾಮ್ರದ ಕೊಡವನ್ನು ಸೊಂಟಕ್ಕಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿಕೊಂಡು ಹೊರಡುವಳು. ಬಾವಿ ಕಾಣುವ ತನಕ ಹೋಗಿ, ನೀರು ತುಂಬದೆ, ಭಾರ ಹೊತ್ತವಳಂತೆ ಒಂದು ಕಡೆ ವಾಲಿಕೊಂಡು ಮರಳುವಳು.

ಒಂದು ಸಂಜೆ ಹಾಗೆ ಮರಳುವಾಗ ಹುಣಸೆ ಮರದ ಕೆಳಗೆ ಕುಲಸುಮಬಿ ಕೂತಿದ್ದಳು. ತೋಟದಿಂದ ವೀಳ್ಯದೆಲೆ ಹೊತ್ತು ತಂದು ಮಾರುವವಳು. ಖಾನಾವಳಿಗೂ ಅವಳದೇ ಎಲೆ. ಬುಟ್ಟಿ ಪಕ್ಕಕ್ಕಿತ್ತು, ಮುಖ ಬಿಳಿಚಿತ್ತು.

“ಬಾಯಾರ, ಕಣ್ಣಿಗೆ ಕತ್ತಲಿ ಬಂದೈತಿ. ಮ್ಯಾಲಿಂದ ಬೊಗಸಿಗೆ ಒಂದೀಟು ನೀರು ಹಾಕ್ರಿ.”

ಖಾಲಿ ಎಂದರೆ, ಖಾಲಿ ಕೊಡ ಹೊತ್ತು ಬಾವಿಯ ಕಡೆಯಿಂದ ಯಾಕೆ ಬಂದಿರಿ ಎಂಬ ಪ್ರಶ್ನೆ ಬರುತ್ತದೆ. ನಾಳೆ ಪೇಟೆಯೆಲ್ಲ ನಗುತ್ತದೆ.

“ಇದು ಮಡಿ ನೀರು. ದೇವರಿಗೆ ಒಯ್ಲಿಕ್ಕತ್ತೇನಿ” ಎಂದುಬಿಟ್ಟಳು ಗಂಗಾಬಾಯಿ.

ಕುಲಸುಮಬಿ ಚಾಚಿದ ಕೈಗಳನ್ನು ಹಿಂದಕ್ಕೆಳೆದುಕೊಂಡಳು. “ಹೌದಲ್ರಿ. ನನಗ ತಿಳೀಲಿಲ್ಲ, ತಪ್ಪಾತು.”

ತಪ್ಪಾತು! ದಾರಿಯ ತಿರುವಿನಲ್ಲಿ ಗಂಗಾಬಾಯಿಗೆ ಮುಂದೆ ಕಾಲೆತ್ತಲಾಗಲಿಲ್ಲ. ನೀರಿಲ್ಲದೆ ಬವಳಿ ಬಂದವಳ ಬಾಯಲ್ಲಿ ತಪ್ಪೊಪ್ಪಿಗೆ ಹೇಳಿಸಿದ್ದೆನಲ್ಲ ಎಂದು ಕಿವಿ ಸುಟ್ಟಂತಾಯಿತು. ಹೊಲದೊಳಗಿಂದ ಹಾಯ್ದು ಬಾವಿಗೆ ಓಡಿದಳು. ತುಂಬಿದ ಕೊಡ ಹೊತ್ತು, ಮೊಣಕಾಲು ಹಿಡಿದುಕೊಳ್ಳುತ್ತ, ನೀರು ಚೆಲ್ಲುತ್ತ ಮರದ ಬಳಿ ಬಂದಳು.

ಅಷ್ಟರಲ್ಲಿ ಆ ದಾರಿಯಲ್ಲಿ ಬಂದ ಚಕ್ಕಡಿ ಹೊಡೆಯುವ ಪೀರಸಾಬ ತನ್ನ ತಂಬಿಗೆಯ ನೀರು ಕುಡಿಸಿ ಹೋಗಿದ್ದ. ಕುಲಸುಮಬಿ ಸೆರಗಿನಿಂದ ಬಾಯೊರೆಸಿಕೊಳ್ಳುತ್ತಿದ್ದಳು.

“ಆಗ ಕೊಡದಾಗ ನೀರೇ ಇರ್ಲಿಲ್ಲ ಕುಲಸುಮಬಿ. ಡಾಕ್ಟರು ಅಡ್ಡಾಡು ಅಂದಾರ. ಮಂದಿ ನಗ್ತಾರಂತ ಬರೇ ಕೊಡ ಹಿಡಕೊಂಡು ಬರ್ತೇನಿ. ಮಡಿ ಅಂದದ್ದು ಸುಳ್ಳು.”

ಕುಲಸುಮಬಿ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡಳು. “ಖಾಲಿ ಅಂದಿದ್ರ ನಾ ನಗ್ತಿದ್ದೆ, ಖರೆ. ನಕ್ಕು ಮರೀತಿದ್ದೆ. ಈ ಮಡಿ ಮಾತು ಹೆಂಗ ಮರೀಲಿ ಹೇಳ್ರಿ?” ಎಂದು ಬುಟ್ಟಿ ತಲೆಗೇರಿಸಿಕೊಂಡು ನಡೆದಳು.

ಮರುದಿನ ಗಂಗಾಬಾಯಿ ಬರಿಗೈಯಲ್ಲಿ ಹೊರಟಳು. ನೆರೆಮನೆಯ ಯಮುನಾಬಾಯಿ ಕಟ್ಟೆಯಿಂದಲೇ ಕೂಗಿದಳು: “ಎಲ್ಲಿಗೆ ಗಂಗಕ್ಕಾ?”

“ಎಲ್ಲಿಗೂ ಇಲ್ಲ. ಕಾಲು ನೋಯ್ತಾವ, ಅಡ್ಡಾಡ್ಲಿಕ್ಕೆ ಹೊಂಟೇನಿ.”

ಕಟ್ಟೆಯವರು ನಕ್ಕರು. ಕೆಲವು ದಿನ ನಕ್ಕು, ಬೇಸತ್ತು ಬಿಟ್ಟರು. ದೀಪಾವಳಿಯ ಹೊತ್ತಿಗೆ ಬಾವು ಇಳಿದಿತ್ತು, ಉಸಿರು ಹಗುರಾಗಿತ್ತು. ಕುಲಸುಮಬಿ ಎಂದಿನಂತೆ ಬಾಗಿಲಿಗೆ ಬರುತ್ತಿದ್ದಳು, ಮಳೆ, ತೋಟ ಎಂದು ಮಾತಾಡುತ್ತಿದ್ದಳು. ಆದರೆ ಅವಳ ದನಿ ಕೇಳಿದರೆ ಸಾಕು, ಗಂಗಾಬಾಯಿ ಒಲೆಯ ಕಡೆ ಮುಖ ತಿರುಗಿಸಿ, ಎಲೆ ತರಲು ಗಂಡನನ್ನೇ ಹೊರಗೆ ಕಳಿಸುತ್ತಿದ್ದಳು.