ಮುಂದಿನ ಸೀಟಿನ ಕೆಂಪು ಪಟ್ಟಿ

ಲಗ್ಗೆರೆಯ ನಮ್ಮ ಬಾಡಿಗೆ ಮನೆಯೆದುರು ನಮ್ಮ ಟಿಟಿ ವ್ಯಾನು ನಿಂತೇ ಇದ್ದ ಕಾಲ ಅದು. ಧರ್ಮಸ್ಥಳ, ಮೈಸೂರು, ಊಟಿ ಎಂದು ಜನರನ್ನು ಸುತ್ತಾಡಿಸಿ ತರುತ್ತಿದ್ದ ಗಾಡಿ. ಲಾಕ್‌ಡೌನ್ ಬಂದ ಮೇಲೆ ಅದರ ಚಕ್ರಗಳ ಸುತ್ತ ಹುಲ್ಲು ಹುಟ್ಟಿತು. ಬೀದಿಯ ಬೆಕ್ಕೊಂದು ಅದರ ಅಡಿಯಲ್ಲೇ ಮರಿ ಹಾಕಿತು. ದಿನಾ ಬೆಳಿಗ್ಗೆ ನನ್ನ ಯಜಮಾನರು ಬಗ್ಗಿ ಮರಿಗಳು ಎಲ್ಲಿವೆ ಎಂದು ನೋಡಿಕೊಂಡು, ಆಮೇಲೆ ಹತ್ತಿ ಎಂಜಿನ್ ಸ್ಟಾರ್ಟ್ ಮಾಡುತ್ತಿದ್ದರು. ನಿಂತಲ್ಲೇ ಸ್ವಲ್ಪ ಹೊತ್ತು ಓಡಿಸದಿದ್ದರೆ ಬ್ಯಾಟರಿ ಸತ್ತುಹೋಗುತ್ತದೆ.

ಆ ಹೊತ್ತಿಗೆ ರಾಜಗೋಪಾಲನಗರದ ತನ್ನ ರೂಮಿನಿಂದ ನಡೆದುಕೊಂಡು ಬರುತ್ತಿದ್ದವನು ಅವರ ಜೊತೆಗಾರ. ವಿಜಯಪುರದ ಕಡೆಯವನು. ಹೆಂಡತಿ, ಮಗಳು ಊರಿನಲ್ಲಿ. ಮೊದಲು ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದು ಆಮೇಲೆ ನಮ್ಮ ಗಾಡಿಗೆ ಬಂದಿದ್ದ. ಲಗೇಜು ಕಟ್ಟುವುದು, ಜನರನ್ನು ಇಳಿಸಿ ಹತ್ತಿಸುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಮಾತಾಡುವುದು. ಮಾತೂ ಕೆಲಸವೇ. ಪಕ್ಕದಲ್ಲಿ ಮಾತಿಲ್ಲದೆ ದೂರದ ದಾರಿ ನನ್ನ ಯಜಮಾನರಿಗೆ ಆಗುತ್ತಿರಲಿಲ್ಲ.

ಟ್ರಿಪ್ ಇಲ್ಲದ ಆ ದಿನಗಳಲ್ಲೂ ಅವನು ಬಂದು ತನ್ನ ಸೀಟಿನಲ್ಲೇ ಕೂರುತ್ತಿದ್ದ. ನಾನು ಕಿಟಕಿಯಿಂದ ಚಹಾ ಕೊಡುತ್ತಿದ್ದೆ.

“ಅಕ್ಕಾರ, ಇವತ್ತ ಮೇಲುಕೋಟಿಗೆ ಹೊಂಟೇವ್ರಿ. ಏನರ ತರಬೇಕೇನ್ರಿ?”

“ಪುಳಿಯೋಗರೆ ತಗೊಂಡ್ ಬಾರಪ್ಪ.”

ಎಂಜಿನ್ ಗುರುಗುಟ್ಟುವಷ್ಟು ಹೊತ್ತು ಪ್ರವಾಸ ನಡೆಯುತ್ತಿತ್ತು. “ಮಾಲಕರ, ರಾಮನಗರ ಬಂತು. ಸಾವಕಾಶ, ಎಮ್ಮಿ ಅಡ್ಡ ಬಂದಾವ!” ಎನ್ನುತ್ತಿದ್ದ. ಯಜಮಾನರು ನಿಂತ ಗಾಡಿಯಲ್ಲೇ ಬ್ರೇಕ್ ಒತ್ತುತ್ತಿದ್ದರು. ಹಿಂದಿನ ಕಾಂಪೌಂಡ್ ಗೋಡೆಯ ಮೇಲೆ ಕೆಂಪು ಬೆಳಕು ಬಿದ್ದು ಆರುತ್ತಿತ್ತು. ಎದುರುಮನೆಯ ಮಹಡಿಯಿಂದ ಒಬ್ಬರು ಕೂಗುವರು: “ಏನ್ ಗುರು, ಮದ್ದೂರು ಬಂತಾ? ನಂಗೂ ಎರಡು ವಡೆ ತಗೊಳ್ಳಿ!”

“ಅಂಗಡಿ ಬಂದ್ ಐತ್ರೀ ಸಾರ್, ಲಾಕ್‌ಡೌನು!”

ಎರಡನೇ ಅಲೆಯಲ್ಲಿ ಅವನಿಗೆ ಜ್ವರ ಬಂತು. ನಾವು ಕೊನೆಗೆ ಕಂಡದ್ದು ಆಂಬ್ಯುಲೆನ್ಸಿನ ಹಿಂಬಾಗಿಲು, ಮತ್ತು ಅದರ ಗಾಜಿಗೆ ಯಾರೋ ಅಂಟಿಸಿದ್ದ ಗಣಪತಿಯ ಸ್ಟಿಕರ್. ಊರಿನಿಂದ ಹೆಂಡತಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನ ರೂಮಿನಲ್ಲಿ ನೀರು ತುಂಬಿಸಿಟ್ಟ ಕೊಡಗಳು ಹಾಗೇ ಇದ್ದವು.

ಆಮೇಲೆ ಯಜಮಾನರು ಎಂಜಿನ್ ಸ್ಟಾರ್ಟ್ ಮಾಡುವುದನ್ನು ಬಿಟ್ಟರು. ಬ್ಯಾಟರಿ ಸತ್ತಿತು.

ಮಳೆಗಾಲದಲ್ಲಿ ಒಂದೊಂದಾಗಿ ತೆರೆದರು. ಮೊದಲು ರಸ್ತೆ, ಆಮೇಲೆ ಹೋಟೆಲು, ಆಮೇಲೆ ದೇವಸ್ಥಾನ. ದರ್ಶನವುಂಟು, ಪ್ರಸಾದವಿಲ್ಲ. ಟೂರಿಸ್ಟ್ ಗಾಡಿಗಳಿಗೆ ಅರ್ಧ ಸೀಟು. ಟ್ರಿಪ್ ಹಿಡಿದುಕೊಡುವ ಏಜೆಂಟ್ ಫೋನ್ ಮಾಡಿದ. ಕುಂದಲಹಳ್ಳಿಯ ನಮ್ಮ ಹಳೆಯ ಗಿರಾಕಿಗಳು, ಮೇಲುಕೋಟೆಗೆ ಹೋಗಿ ಅವತ್ತೇ ವಾಪಸು ಬರಬೇಕಂತೆ.

ಯಜಮಾನರು ಫೋನ್ ಇಟ್ಟರು. “ಇದೊಂದು ಟ್ರಿಪ್ ಹೋಗ್ಬರ್ತೀನಿ. ಕೈ ಬರ್ಲಿಲ್ಲ ಅಂದ್ರೆ ಗಾಡಿ ಕೊಟ್ಬಿಡ್ತೀನಿ ಕಣೇ,” ಎಂದರು.

“ನಾನೂ ಬರ್ತೀನಿ ರೀ,” ಎಂದೆ.

ಹೊಸ ಬ್ಯಾಟರಿ ಹಾಕಿಸಿದರು. ಖಾಲಿ ಬಿಡಬೇಕಾದ ಸೀಟುಗಳಿಗೆ ಗುರುತು ಬೇಕಿತ್ತು. ಎಲ್ಲರೂ ಟೇಪು ಅಂಟಿಸುತ್ತಿದ್ದರು. ಟೇಪು ಸೀಟನ್ನು ಕೆಡಿಸುತ್ತದೆ. ಬ್ಲೌಸಿನ ಲೈನಿಂಗ್‌ಗೆಂದು ತಂದು ಮಿಕ್ಕಿದ್ದ ಕೆಂಪು ಬಟ್ಟೆಯನ್ನು ಪಟ್ಟಿಗಳಾಗಿ ಕತ್ತರಿಸಿ, ಅಡ್ಡಕ್ಕೊಂದು ಉದ್ದಕ್ಕೊಂದು ಇಟ್ಟು ಸೀಟಿನ ಕವರಿಗೆ ಹೊಲಿದೆ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ಬಟ್ಟೆ ತಿರುಗಿಸಿ ಹಿಂಭಾಗವನ್ನೇ ಮೊದಲು ನೋಡುತ್ತಿದ್ದರು. ಆ ಭಯ ಇನ್ನೂ ಹೋಗಿಲ್ಲ. ಹಿಂಭಾಗವನ್ನೂ ನೀಟಾಗಿ ಹೊಲಿದೆ. ಡ್ರೈವರ್ ಪಕ್ಕ ಯಾರೂ ಕೂರಬಾರದು ಎಂದು ಏಜೆಂಟ್ ಹೇಳಿದ್ದ, ಹಾಗಾಗಿ ಆ ಸೀಟಿಗೂ ಹೊಲಿದೆ.

ಯಜಮಾನರು ಹತ್ತಿ ಕೂತು ಅದರ ಮೇಲೆ ಕೈ ಇಟ್ಟರು. “ಇದಕ್ಕೂನಾ?”

“ರೂಲ್ಸ್ ಅಂತೆ ರೀ.”

“ಹ್ಞೂಂ. ರೂಲ್ಸು.”

ಕುಂದಲಹಳ್ಳಿಯಲ್ಲಿ ಅವರ ಮನೆಯೆದುರಿನ ಪಿಜಿ ಕಟ್ಟಡಕ್ಕೆ ಬೀಗ ಹಾಕಿತ್ತು. ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಬಂದರು. ಹೋದ ಸಲ ತಾತನೂ ಇದ್ದರು. ಅರ್ಧ ಸೀಟಿನಲ್ಲೇ ಎಲ್ಲರಿಗೂ ಜಾಗವಾಯಿತು, ಯಾರೂ ತಾತನ ಮಾತು ಎತ್ತಲಿಲ್ಲ. ಅಜ್ಜಿ ಮಾತ್ರ ಮುಂದಿನ ಬಾಗಿಲಿನ ಹತ್ತಿರ ನಿಂತರು.

“ನಂಗೆ ಇಂದ್ಗಡೆ ಆಗಾಕಿಲ್ಲ ಕಣಪ್ಪ, ವಾಂತಿ ಬತ್ತದೆ. ವಾದ್ ಸಲ ಇಲ್ಲೇ ಕುಂತಿದ್ನಲ್ಲ?”

“ಅಲ್ಲಿ ಕೂರೋ ಹಾಗಿಲ್ಲ ಅಜ್ಜಿ,” ಎಂದರು ಯಜಮಾನರು, ಮುಖ ತಿರುಗಿಸದೆ.

ನಾನು ಅವರ ಬೆನ್ನ ಹಿಂದಿನ ಸೀಟಿನಲ್ಲಿದ್ದೆ. ಅವರು ಆಗಾಗ ಪಕ್ಕದ ಖಾಲಿ ಸೀಟಿನ ಕಡೆ ನೋಡುವುದು ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು. ರಾಮನಗರ ಬಂತು. ಗುಡ್ಡಗಳು ಮೋಡದಲ್ಲಿ ಮುಳುಗಿದ್ದವು. ಏನಾದರೂ ಹೇಳಬೇಕು ಅನ್ನಿಸಿತು. ಮಾಸ್ಕಿನೊಳಗೆ ನನ್ನ ಉಸಿರೇ ನನಗೆ ಬಿಸಿಯಾಗಿ ತಾಗಿತು. ಗಾಡಿ ನಿಧಾನವಾಗುತ್ತಲೇ ಹೋಯಿತು. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದವು.

ಮದ್ದೂರು ದಾಟುವಷ್ಟರಲ್ಲಿ ಅಜ್ಜಿಗೆ ವಾಂತಿಯಾಯಿತು. ಗಾಡಿ ನಿಲ್ಲಿಸಿ, ಅವರನ್ನು ರಸ್ತೆ ಬದಿಯ ಕಲ್ಲಿನ ಮೇಲೆ ಕೂರಿಸಿ ಮುಖ ತೊಳೆಸಿದೆ.

“ಆವಯ್ಯ ಎಲ್ಲವ್ನೆ? ನಂಗೆ ಸೀಟ್ ಬುಟ್ಕೊಟ್ಟು, ನಿಂಬೆಅಣ್ಣು ಕೊಡೋನು ಮೂಸೋಕೆ. ‘ಯವ್ವಾ, ಯವ್ವಾ’ ಅಂತಿದ್ನಲ್ಲ?”

ನಾನು ಯಜಮಾನರ ಮುಖ ನೋಡಿದೆ. ಅವರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತಿದ್ದರು.

“ಅವನಿಲ್ಲ ಅಜ್ಜಿ. ಹೋದ.”

“ಓಗ್ಬುಟ್ನಾ?” ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

ಯಜಮಾನರು ಮುಂದಿನ ಬಾಗಿಲು ತೆಗೆದು ಆ ಕೆಂಪು ಪಟ್ಟಿಯನ್ನು ಹಿಡಿದು ಎಳೆದರು. ಎರಡೆಳೆ ದಾರದಲ್ಲಿ ಹೊಲಿದಿದ್ದೆ, ಬರಲಿಲ್ಲ. “ಬನ್ನಿ ಅಜ್ಜಿ, ಇಲ್ಲೇ ಕೂತ್ಕೊಳ್ಳಿ,” ಎನ್ನುತ್ತಾ ಮತ್ತೆ ಎಳೆದರು.

“ಬ್ಯಾಡ ಬುಡಪ್ಪ,” ಎಂದರು ಅಜ್ಜಿ. “ಅಂಗೇ ಇರ್ಲಿ. ನಮ್ಮನೇಲೂ ಒಂದು ಮಂಚ ಅಂಗೇ ಅದೆ. ನಾ ಇಂದ್ಗಡೇನೇ ಕುಂತ್ಕತೀನಿ, ಒಂದು ಪ್ಲಾಸ್ಟಿಕ್ ಕವರ್ ಕೊಡು.”

ಮೇಲುಕೋಟೆಯಲ್ಲಿ ಪುಳಿಯೋಗರೆ ಅಂಗಡಿಗಳು ಮುಚ್ಚಿದ್ದವು. ಕೋತಿಗಳು ಬಡವಾಗಿದ್ದವು, ಕಿತ್ತುಕೊಳ್ಳುವ ಉತ್ಸಾಹವೂ ಇಲ್ಲದೆ ನಮ್ಮ ಕೈಗಳನ್ನು ನೋಡುತ್ತಾ ಮೆಟ್ಟಿಲ ಮೇಲೆ ಕೂತಿದ್ದವು. ದೂರದಿಂದ ದರ್ಶನ ಮಾಡಿ ಬಂದೆವು. ಯಜಮಾನರು ಗಾಡಿಯಿಂದ ಇಳಿಯಲೇ ಇಲ್ಲ. ವಾಪಸು ಬರುವಾಗ ಬಿಡದಿಯ ಹತ್ತಿರ ಬದಿಗೆ ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಕೂತರು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ, “ಆಗಲ್ಲ ಕಣೇ,” ಎಂದರು. ಅಷ್ಟೇ.

ಗಾಡಿ ಕೊಳ್ಳುವವರು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಆ ಹೊತ್ತಿಗೆ ಇನ್ನೂ ಒಂದೆರಡು ನಿಯಮ ಸಡಿಲಾಗಿದ್ದವು, ಪೂರ್ತಿ ಸೀಟು ತುಂಬಲು ಬಿಡುತ್ತಾರಂತೆ ಎಂಬ ಮಾತಿತ್ತು. ನಾನು ಕತ್ತರಿ ಹಿಡಿದು ಒಂದೊಂದೇ ಪಟ್ಟಿ ಬಿಚ್ಚಿದೆ. ಮುಂದಿನ ಸೀಟಿನದನ್ನು ಕೊನೆಗೆ ಬಿಚ್ಚಿ, ಅಲ್ಲೇ ಕೂತೆ. ಹಿಂದೆಂದೂ ನಾನು ಅಲ್ಲಿ ಕೂತವಳಲ್ಲ. ಸೀಟು ಎಡಕ್ಕೆ ಸ್ವಲ್ಪ ತಗ್ಗಿತ್ತು, ಅವನು ಕಿಟಕಿಗೆ ಒರಗಿ ಕೂತು ಕೂತು ಆದ ತಗ್ಗು.

ಯಜಮಾನರು ಬಗ್ಗಿ ಗಾಡಿಯಡಿ ನೋಡಿದರು. ಬೆಕ್ಕು, ಮರಿಗಳು ಯಾವಾಗಲೋ ಹೋಗಿದ್ದವು. ಹತ್ತಿ ಸ್ಟಾರ್ಟ್ ಮಾಡಿದರು. ಕೊಳ್ಳುವವರು ಕೈಕಟ್ಟಿಕೊಂಡು ಹಿಂದುಗಡೆ ನಿಂತಿದ್ದರು.

“ಈಗ ಎಲ್ಲಿಗೆ ಹೊರಟಿದೀವಿ?” ಎಂದೆ. ಅವನ ಹಾಗೆ ಹೇಳಲು ನನಗೆ ಬರುವುದಿಲ್ಲ.

ಅವರು ಸ್ಟೇರಿಂಗ್ ಹಿಡಿದು ಕೂತಿದ್ದರು.

“ರಾಮನಗರ ಬಂತಾ ರೀ? ಎಮ್ಮೆ ಇದ್ದಾವೆ, ನೋಡ್ಕೊಂಡು.”

ಅವರು ಎದುರು ನೋಡುತ್ತಲೇ ನಿಧಾನವಾಗಿ ಬ್ರೇಕ್ ಒತ್ತಿದರು. ಒತ್ತಿದ ಕಾಲನ್ನು ತೆಗೆಯಲಿಲ್ಲ. ಪಕ್ಕದ ಕನ್ನಡಿಯಲ್ಲಿ ಕಾಂಪೌಂಡ್ ಗೋಡೆ ಕೆಂಪಾಗಿ ಕಂಡಿತು.

“ಬ್ರೇಕ್ ಲೈಟ್ ಎರಡೂ ಉರೀತಾ ಇವೆ ಸಾರ್,” ಎಂದು ಹಿಂದಿನಿಂದ ಕೊಳ್ಳುವವರು ಕೂಗಿದರು. “ಸಾಕು, ಆಫ್ ಮಾಡಿ.”